ಹನ್ನೆರಡು ಮಂದಿಗೆ ಒಂದೇ ಪಂಕ್ತಿ

ಹೊಳೆದಂಡೆಯ ಆ ಮಠದಲ್ಲಿ ದಾಸೋಹದ ಒಲೆಯೂ ಆರುತ್ತಿರಲಿಲ್ಲ, ಕಂಪ್ಯೂಟರೂ ಆರುತ್ತಿರಲಿಲ್ಲ. ಹೊಳೆ ಎಷ್ಟು ಏರುತ್ತದೆಂದು ಲೆಕ್ಕ ಹಾಕಿ ಕೆಳಗಿನ ಊರುಗಳಿಗೆ ಮುನ್ಸೂಚನೆ ಕೊಡುವುದು ಆ ಯಂತ್ರದ ಕೆಲಸ. ಅದರ ಮೆಮೊರಿಯನ್ನು ಪುಟಗಳೆಂಬ ತುಂಡುಗಳಾಗಿ ಹಂಚಿಕೊಡುವ ಮೂಲ ತಂತ್ರಾಂಶ, ಅಂದರೆ ಕರ್ನಲ್, ಬರೆದವರು ಮಠದ ಬೊಮ್ಮಯ್ಯಜ್ಜಾರು. ಈಗ ಅದನ್ನು ತಿದ್ದಿ ಬೆಳೆಸುತ್ತಿದ್ದವಳು ಅವರ ಶಿಷ್ಯೆ ನೀಲಾಂಬಿಕೆ.

ಮಳೆಗಾಲಕ್ಕೆ ಎಂಟೇ ದಿನ ಉಳಿದಿತ್ತು. ಲೆಕ್ಕ ಅರ್ಧಕ್ಕೇ ನಿಲ್ಲುತ್ತಿತ್ತು. ಕೆಳಗಿನ ಊರೊಂದರಲ್ಲಿ ಅವಳ ಅಕ್ಕ ತುಂಬು ಬಸುರಿ. ನೀಲಾಂಬಿಕೆ ಅಜ್ಜಾರ ಮುಂದೆ ಹೋಗಿ ನಿಂತಳು.

“ಅಜ್ಜಾರ, ಈ ಲೆಕ್ಕಕ್ಕ ಮೆಮೊರಿಯಾಗ ದೊಡ್ಡ ಪುಟಾನ ಬೇಕ್ರಿ. ಐನೂರಾ ಹನ್ನೆರಡು ಸಣ್ಣ ಪುಟ ಒಂದರ ಮಗ್ಗಲಾಗ ಒಂದು ಖಾಲಿ ಇದ್ರ ಒಂದು ದೊಡ್ಡ ಪುಟ. ಮೆಮೊರಿ ಅರ್ಧಕ್ಕರ್ಧ ಖಾಲಿ ಐತಿ. ದೊಡ್ಡ ಪುಟ ಮಾತ್ರ ಒಂದೂ ಸಿಗವಲ್ದು.”

“ಸರಿಸಿ ನೋಡಿದಿ?”

“ನೋಡಿದೆ ರೀ. ಕೆಲವು ಸರೀತಾವು. ಕರ್ನಲ್ ತನಗಂತ ಇಟ್ಕೊಂಡ ಪುಟ ಜಪ್ಪಯ್ಯ ಅಂದ್ರೂ ಅಲುಗಾಡಂಗಿಲ್ಲ.”

“ಊಟದ ಗಂಟಿ ಆತು. ಇವತ್ತ ಬಡಸಾಕ ನೀನ ನಿಲ್ಲು.”

ಊರು ಮುಳುಗೋ ಹೊತ್ತಿನಲ್ಲಿ ಇವರಿಗೆ ಹುಗ್ಗಿಯ ಚಿಂತೆ! ಅವಳಿಗೆ ಸಿಟ್ಟೇ ಬಂತು. ಆದರೂ ಸೌಟು ಹಿಡಿದಳು.

ಊಟದ ಪಡಸಾಲೆಯಲ್ಲಿ ಅಜ್ಜಾರ ಜಾಗ ಬಾಗಿಲ ಹಿಂದಿನ ಮೂಲೆ. ಅಂದು ಮಾತ್ರ ಅವರು ಉದ್ದ ಪಂಕ್ತಿಯ ನಟ್ಟನಡುವೆ ಕೂತು ಹುಗ್ಗಿಗೆ ಕೈಹಾಕಿದರು.

ಅಷ್ಟರಲ್ಲಿ ಆಚೆ ದಂಡೆಯಿಂದ ಹನ್ನೆರಡು ಮಂದಿ ಭಕ್ತರು ಬಂದರು. ಒಂದೇ ಪಂಕ್ತಿಯಲ್ಲಿ ಒತ್ತಾಗಿ ಕೂತು ಪ್ರಸಾದ ಉಣ್ಣುವ ಹರಕೆ ಅವರದು.

ಖಾಲಿ ಜಾಗ ಇಪ್ಪತ್ತಿತ್ತು. ಆದರೆ ಇಲ್ಲೆರಡು, ಅಲ್ಲೊಂದು. ಇನ್ನೂ ಎಡೆ ಬೀಳದವರಿಗೆ ನೀಲಾಂಬಿಕೆ, “ಒಂಚೂರು ಆಚೆ ಸರೀರಿ ಯಣ್ಣಾ” ಅಂದಳು. ಅವರು ನಗುತ್ತ ತುದಿಗೆ ಸರಿದರು. ಎಡಕ್ಕೆ ಹತ್ತು ಜಾಗ ಆಯಿತು, ಬಲಕ್ಕೆ ಹತ್ತು. ನಡುವೆ ಅಜ್ಜಾರು.

“ಅಜ್ಜಾರ, ನೀವೂ ಒಂಚೂರು...”

“ಉಣ್ಣಾಂವ ಎಂಜಲಗೈಲೆ ನಡುವ ಹೆಂಗ ಏಳ್ತಾನವಾ? ಇನ್ನಷ್ಟು ಹುಗ್ಗಿ ಹಾಕು.”

ಹನ್ನೆರಡು ಮಂದಿ ಹಸಿದುಕೊಂಡು ನಿಂತೇ ಇದ್ದರು. ಅಜ್ಜಾರು ಸಾವಕಾಶ ಉಂಡು, ಬೆರಳು ನೆಕ್ಕಿ, ಗೋಡೆ ಹಿಡಿದು ಎದ್ದರು. ಆಮೇಲೆಯೇ ಪಂಕ್ತಿ ಕೂತಿತು.

ನೀಲಾಂಬಿಕೆ ಎಲ್ಲರಿಗೂ ಬಡಿಸಿದಳು. ಕೈ ಬಡಿಸುತ್ತಿತ್ತು, ಮನಸ್ಸು ಕರ್ನಲ್ಲಿನಲ್ಲಿತ್ತು. ಅಲುಗಾಡದ ಪುಟಗಳನ್ನು ಸಿಕ್ಕ ಸಿಕ್ಕಲ್ಲಿ ಕೂರಿಸಿದ್ದವಳು ತಾನೇ ಅಲ್ಲವೇ!

ಕೈ ತೊಳೆದು ಓಡಿದಳು. ಅಲುಗಾಡದ ಪುಟಗಳಿಗೆಲ್ಲ ಮೆಮೊರಿಯ ಒಂದು ಅಂಚನ್ನು ಮೊದಲೇ ಗೊತ್ತುಮಾಡಿದಳು. ಉಳಿದವು ಬೇಕೆಂದಾಗ ಸರಿದು ಸಾಲು ಬಿಟ್ಟುಕೊಟ್ಟವು.

ಮೂರನೆಯ ದಿನ ಲೆಕ್ಕ ಕೊನೆ ಮುಟ್ಟಿತು. ಮೊದಲ ಮುನ್ಸೂಚನೆ ಅಕ್ಕನ ಊರಿಗೇ ಹೋಯಿತು. ನೀರು ಏರುವ ಎರಡು ದಿನ ಮುಂಚೆಯೇ ಬಸುರಿ ಅಕ್ಕ ಎತ್ತರದ ಊರು ಸೇರಿದ್ದಳು.

ಆ ಸುದ್ದಿ ಹೇಳಲು ಓಡಿಬಂದಾಗ ಅಜ್ಜಾರು ಎಂದಿನಂತೆ ಬಾಗಿಲ ಹಿಂದೆ ಉಣ್ಣುತ್ತಿದ್ದರು. ಸಂತೋಷಕ್ಕೆ ಅವಳ ಕಣ್ಣು ತುಂಬಿತ್ತು.

“ಅಜ್ಜಾರ, ಮಠಕ್ಕ ದೊಡ್ಡವರು ನೀವು. ದಿನಾ ಈ ಮೂಲ್ಯಾಗ ಯಾಕ ಕುಂದರ್ತೀರಿ?”

ಅಜ್ಜಾರು ಎಡಗೈಯಿಂದ ಮೊಣಕಾಲು ನೀವಿಕೊಂಡರು.

“ಏಳಾಕ ಆಗದಾಂವ ನಡುವ ಕುಂದರಬಾರದವಾ.”