ಸೀನುರಾಯಸ್ವಾಮಿ ಹುಟ್ಟಿದ್ದು

ಗಿರಿವಾಳದ ದೊರೆ ರಣಧೀರರಾಯನಿಗೆ ಯುದ್ಧ ಗೆದ್ದು ಅಭ್ಯಾಸವಿರಲಿಲ್ಲ. ಹಾಗಾಗಿ ಊಟವಾದ ಮೇಲೆ ಆಸ್ಥಾನದಲ್ಲಿ ಕೂತು ಜಂಬ ಕೊಚ್ಚುತ್ತಿದ್ದ.

"ಪಕ್ಕದ ರಾಜ್ಯದವರು ಕಂಡಕಂಡ ಕಲ್ಲಿಗೆ ಕೈಮುಗಿಯುತ್ತಾರೆ. ನನ್ನ ಪ್ರಜೆಗಳು ಹಾಗಲ್ಲ. ಕಟ್ಟುಕತೆ ಯಾವುದು, ದೇವರು ಯಾವುದು ಎಂದು ಬಲ್ಲರು."

ವಿದೂಷಕ ಕೇತಯ್ಯನಿಗೆ ಅಂದು ನೆಗಡಿ. ಮೂಗೊರೆಸಿಕೊಂಡು, "ಒಂದು ವರ್ಷ ಕೊಡಿ ಮಹಾಪ್ರಭು. ಕಟ್ಟುಕತೆಯ ದೇವರಿಗೆ ಅವರ ಕೈಯಲ್ಲೇ ಗುಡಿ ಕಟ್ಟಿಸುತ್ತೇನೆ," ಎಂದ.

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಆಗದಿದ್ದರೆ ಹೆಂಡತಿ ಮಕ್ಕಳ ಸಮೇತ ಗಡಿ ದಾಟಬೇಕು."

"ಆದರೆ?"

"ಹೊಳೆದಂಡೆಯ ಹಳ್ಳಿ ನಿನಗೆ ಉಂಬಳಿ."

ಆ ಸೀಮೆಯಲ್ಲಿ ಹೊರಡುವಾಗ ಯಾರಾದರೂ ಸೀನಿದರೆ ಒಂದು ಗಳಿಗೆ ಕೂತು ಹೋಗುವುದು ವಾಡಿಕೆ. ಯಾಕೆಂದು ಯಾರೂ ಕೇಳಿರಲಿಲ್ಲ. ಕೇತಯ್ಯ ಸಂತೆಗೆ ಹೋಗಿ ವೀಳ್ಯದೆಲೆ ಮಾರುವ ಮುದುಕಿಯ ಕಿವಿಯಲ್ಲಿ, "ಅಜ್ಜೀ, ಸೀನುರಾಯಸ್ವಾಮಿ ಹಾದುಹೋಗುವಾಗ ಅಡ್ಡ ಬರಬಾರದು ಅಂತ ತಾನೇ ನಾವು ಕೂರೋದು? ಯಾರಿಗೂ ಹೇಳಬೇಡ ಮತ್ತೆ," ಎಂದ. ಅವನು ಮಾಡಿದ ಕೆಲಸ ಅಷ್ಟೇ.

ಉಳಿದದ್ದನ್ನು ಊರು ನೋಡಿಕೊಂಡಿತು. ಮುಂಗಾರಿನಲ್ಲಿ ಸ್ವಾಮಿಗೆ ಹೆಂಡತಿ ಬಂದಳು, ಹಿಂಗಾರಿನಲ್ಲಿ ಶತ್ರು ರಾಕ್ಷಸ. ಚಂದಾ ಎತ್ತಿ ಗುಡಿ ಕಟ್ಟಿದರು. ಚಿಟಿಕೆ ನಶ್ಯವೇ ಪ್ರಸಾದವಾಯಿತು. ಸ್ವಾಮಿ ಒಂಟಿ ಸೀನಿನಲ್ಲಿ ಬರುತ್ತಾನೆ ಎನ್ನುವವರೂ ಜೋಡಿ ಸೀನಿನಲ್ಲಿ ಬರುತ್ತಾನೆ ಎನ್ನುವವರೂ ಬೀಗತನ ಮುರಿದುಕೊಂಡರು. ಗುಡಿಗೆ ಸಾವಿರ ವರ್ಷವಾಯಿತು ಎಂದು ಪೂಜಾರಿ ಸಾರಿದ. ಗೋಡೆಯ ಸುಣ್ಣ ಇನ್ನೂ ಒಣಗಿರಲಿಲ್ಲ.

ವರ್ಷ ತುಂಬಿದ ದಿನ ಕೇತಯ್ಯ ಗುಡಿಯೆದುರು ನಿಂತು, "ಅಯ್ಯಾ, ಇದು ನೆಗಡಿಯಾಗಿದ್ದಾಗ ನನಗೆ ಹೊಳೆದ ಕತೆ," ಎಂದ. ಒಂಟಿಯವರೂ ಜೋಡಿಯವರೂ ಮೊದಲ ಸಲ ಒಂದಾದರು. ಅವನನ್ನು ಅರಮನೆಗೆ ಎಳೆದು ತಂದರು.

"ನೀನು ಸೋತೆ ಕೇತಯ್ಯ, ಗಂಟುಮೂಟೆ ಕಟ್ಟು," ಎಂದ ದೊರೆ.

"ಗುಡಿ ಎದ್ದಿದೆಯಲ್ಲ ಪ್ರಭು?"

"ಎದ್ದಿದೆ. ಆದರೆ ದೇವರು ಕಟ್ಟುಕತೆಯಲ್ಲ. ಅಂದು ಸ್ವಾಮಿಯೇ ನಿನ್ನ ನಾಲಿಗೆಯ ಮೇಲೆ ಕೂತು ಹೇಳಿಸಿದ. ಪೂಜಾರಿ ನನಗೆ ಬಿಡಿಸಿ ಹೇಳಿದ್ದಾನೆ. ಹೋದ ತಿಂಗಳು ಬೇಟೆಗೆ ಹೊರಟಾಗ ಮಂತ್ರಿ ಸೀನಿದ, ನಾನು ಕೂರಲಿಲ್ಲ. ಕುದುರೆಯಿಂದ ಬಿದ್ದೆ. ಇನ್ನೇನು ಸಾಕ್ಷಿ ಬೇಕು?"

ಮಂತ್ರಿ ಭಕ್ತಿಯಿಂದ ತಲೆಯಾಡಿಸಿದ. ದೊರೆ ಬೇಟೆಗೆ ಹೋದಾಗಲೆಲ್ಲ ಬೀಳುತ್ತಿದ್ದ ಎಂಬುದನ್ನು ನೆನಪಿಸಲು ಹೋಗಲಿಲ್ಲ.

ಕೇತಯ್ಯನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಮನೆಯಲ್ಲಿ ಹೆಂಡತಿ ಹಸಿ ಬಾಣಂತಿ. ಆದರೂ ಕೈಮುಗಿದು ಹೇಳಿದ:

"ಮಹಾಪ್ರಭು, ಕತೆ ಕಟ್ಟುತ್ತೇನೆ ಎಂದಾಗ ನಕ್ಕವರು ತಾವು. ಆ ಕತೆಗೇ ಈಗ ಕೈಮುಗಿಯುತ್ತಿರುವವರೂ ತಾವೇ. ನಾನು ಪಂದ್ಯ ಕಟ್ಟಿದ್ದು ಪ್ರಜೆಗಳ ಮೇಲೆ ಮಾತ್ರ. ತಾವು ಕೊಸರು."

ಆಸ್ಥಾನವೆಲ್ಲ ನಕ್ಕಿತು. ದೊರೆಗೂ ನಗದೆ ಬೇರೆ ದಾರಿ ಇರಲಿಲ್ಲ. ಹಳ್ಳಿ ಕೊಟ್ಟು ಕಳಿಸಿದ.