ಕೇಬಲಿನ ತುದಿ

ತುಂಗಭದ್ರೆಯ ದಡದ ಆಶ್ರಮಕ್ಕೆ ಅಂದು ಬೆಳಿಗ್ಗೆ ಇಂಟರ್ನೆಟ್ಟಿನ ಫೈಬರ್ ಕೇಬಲ್ ಎಳೆದಿದ್ದರು. ಸಂಜೆ ಪಟ್ಟಣದ ವೈದ್ಯೆಯೊಬ್ಬರು ಅದರ ಮೂಲಕ ಹಳ್ಳಿಯ ಬಾಣಂತಿಯರನ್ನು ನೋಡಿ ಮಾತಾಡುವುದಿತ್ತು.

ಮಧ್ಯಾಹ್ನ, ಕೇಬಲ್ ಬಂದು ಸೇರುವ ಪೆಟ್ಟಿಗೆಯಲ್ಲಿ ಸಂಪರ್ಕ ತಪ್ಪಿದ ಕೆಂಪು ದೀಪ ಮಿನುಗತೊಡಗಿತು.

"ಕೇಬಲಿಗೆ ಎಲ್ಲಾದರೂ ಪೆಟ್ಟಾಗಿದೆಯೇ ನೋಡು," ಎಂದರು ಸಿದ್ಧಬಸವ ಗುರುಗಳು.

ಶಿಷ್ಯ ತೋಂಟೇಶ ಕಂಬದಿಂದ ಕಿಟಕಿಯವರೆಗೂ ನೋಡುತ್ತ ಬಂದ.

"ಎಲ್ಲೂ ಸುಲಿದಿಲ್ಲ ಬುದ್ಧೀ. ಇಲಿಯೂ ಕಡಿದಿಲ್ಲ."

"ಹಾಗಾದರೆ?"

"ಒಳಗೆ ಬೆಳಕು ಬರುತ್ತಿದೆಯೋ ಇಲ್ಲವೋ ನೋಡಿಬಿಡುತ್ತೇನೆ."

ಪೆಟ್ಟಿಗೆಯಿಂದ ಕೇಬಲಿನ ತುದಿಯನ್ನು ಕಿತ್ತ. ಒಂದು ಕಣ್ಣು ಮುಚ್ಚಿ, ಅದನ್ನು ಇನ್ನೊಂದು ಕಣ್ಣಿನ ಹತ್ತಿರಕ್ಕೆ ತಂದ.

ಕೈಯ ಮೇಲೆ ಫಟಾರನೆ ಏಟು ಬಿತ್ತು.

ತುದಿ ಕೈಯಿಂದ ಹಾರಿತು. ತೋಂಟೇಶ ಗೋಡೆಗೆ ಒರಗಿ ನಿಂತುಬಿಟ್ಟ. ಹೊಡೆದವರು ಗುರುಗಳು. ತುಡುಗು ದನಕ್ಕೂ ಕೋಲೆತ್ತಿದವರಲ್ಲ ಅವರು.

ಗುರುಗಳು ಅವನ ಮುಖ ಹಿಡಿದೆತ್ತಿ ಕಣ್ಣುಗಳನ್ನು ನೋಡಿದರು.

"ಏನು ಕಂಡೆ?" ಎಂದರು.

"ಏನೂ ಇಲ್ಲ... ಕತ್ತಲೆ."

"ಇದರೊಳಗೆ ಹರಿಯುವ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಆದರೆ ಕಣ್ಣನ್ನು ಸುಡಬಲ್ಲದು. ಕೆಲಸದವರು ಹೋಗುವಾಗ ಹೇಳಿದರು. ನೀನು ಆಗ ಮಜ್ಜಿಗೆ ತರಲು ಹೋಗಿದ್ದೆ."

ತೋಂಟೇಶ ಎರಡೂ ಕಣ್ಣು ಮುಟ್ಟಿ ನೋಡಿಕೊಂಡ.

ಗುರುಗಳು ಕೇಬಲಿನ ತುದಿಯನ್ನು ಗೋಡೆಯ ಕಡೆ ತಿರುಗಿಸಿ ಹಿಡಿದು ಪೆಟ್ಟಿಗೆಗೆ ಸಿಕ್ಕಿಸಿದರು. ಕಿಟಕಿಯ ಹತ್ತಿರ ಹೋದರು.

"ಇದನ್ನು ಮುಚ್ಚಿದ್ದು ಯಾರು?"

"ನಾನೇ ಬುದ್ಧೀ. ಧೂಳು ಬರುತ್ತಿತ್ತು."

ಗುರುಗಳು ಕಿಟಕಿಯ ಬಾಗಿಲು ತೆರೆದರು. ಅದರ ಸಂದಿಯಲ್ಲಿ ಕೇಬಲ್ ಮಡಿಸಿದಂತೆ ಬಾಗಿ ನಿಂತಿತ್ತು; ಅಷ್ಟು ಬಾಗಿದರೆ ಬೆಳಕು ಪೂರ್ತಿ ದಾಟದು. ಅವರು ಮೆಲ್ಲನೆ ಬಿಡಿಸಿ ಸಡಿಲ ಮಾಡಿದರು.

ಸ್ವಲ್ಪ ಹೊತ್ತಿಗೆ ಕೆಂಪು ಆರಿತು. ಹಸಿರು ಹತ್ತಿತು.

ಹೊರಗೆ ಜಗುಲಿಯ ಮೇಲೆ ಕೂಸೊಂದು ಅಳುತ್ತಿತ್ತು. ಬಾಣಂತಿಯರು ಬರತೊಡಗಿದ್ದರು. ತೋಂಟೇಶ ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಕೈ ಇನ್ನೂ ಉರಿಯುತ್ತಿತ್ತು.

"ಬೇಡ ಅಂತ ಒಂದು ಮಾತು ಹೇಳಿದ್ದರೆ ನಿಲ್ಲಿಸುತ್ತಿದ್ದೆನಲ್ಲ ಬುದ್ಧೀ?"

ಗುರುಗಳು ಅವನ ಕೆಂಪಾದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನನ್ನ ಮಾತು ನಿನ್ನನ್ನು ಮುಟ್ಟುವಷ್ಟರಲ್ಲಿ, ಮಗೂ, ಬೆಳಕು ಮುಟ್ಟಿಬಿಡುತ್ತಿತ್ತು."