ಶಾಪದ ಹೊಸ್ತಿಲು ದಾಟಿದ ಸ್ವಾಮಿಗಳು

ಪೂಜ್ಯ ಇನ್ನಾಸಪ್ಪ ಸ್ವಾಮಿಗಳು ಅರಳಗುಂಟೆಯ ಚರ್ಚಿನಲ್ಲಿ ಗುರುಗಳಾಗಿದ್ದಾಗ, ಅವರ ದರ್ಶನಕ್ಕೆ ಬಂದವರು ಮೊದಲು ಹಿತ್ತಲ ಜಗಲಿಗೆ ಹೋಗಿ ನೋಡುವುದೇ ವಾಸಿ ಎಂಬಂತಿತ್ತು. ಅವರೆಕಾಯಿಯ ಕಾಲದಲ್ಲಂತೂ ನೆನೆಸಿದ ಕಾಳನ್ನು ಅಲ್ಲೇ ಕುಳಿತು ತಾವೇ ಹಿಸುಕುತ್ತಿದ್ದರು. ಬಂದವರ ಮುಂದೆಯೂ ಒಂದು ಬೋಗುಣಿ ಸರಿಸುತ್ತಿದ್ದರು. ಅಳುತ್ತಾ ಬಂದವರಿಗೂ ಈ ಕೆಲಸದಿಂದ ವಿನಾಯಿತಿ ಇರಲಿಲ್ಲ.

ಅಂಥದೊಂದು ಬೆಳಿಗ್ಗೆ ಲೂರ್ದಮ್ಮ ಬಂದಳು. ರೇಷ್ಮೆ ಹುಳು ಸಾಕಿ ಮಗನನ್ನು ಒಬ್ಬಳೇ ಬೆಳೆಸಿದ ಗಟ್ಟಿ ಹೆಂಗಸು ಅವಳು. ಆದರೆ ಅಂದು ಮುಖದಲ್ಲಿ ಕಳೆಯೇ ಇರಲಿಲ್ಲ.

"ಸ್ವಾಮಿ, ನನ್ ಮಗನ್ ಮದುವೆ ಮಾಡ್ಸಿದೋರು ನೀವೇ. ಈಗ ನೀವೇ ಬುಡಿಸ್ಕೊಡಿ" ಎಂದಳು.

ಸ್ವಾಮಿಗಳು ಅವಳ ಮುಂದೆಯೂ ಬೋಗುಣಿ ಸರಿಸಿದರು. ಕಾಳು ಹಿಸುಕುತ್ತಲೇ ಲೂರ್ದಮ್ಮ ಎಲ್ಲ ಹೇಳಿಕೊಂಡಳು. ಪಕ್ಕದೂರಿನಲ್ಲಿ ಒಬ್ಬ ಪ್ರವಾದಿ ಪೆಂಡಾಲು ಹಾಕಿದ್ದ. ಯೇಸುವಿನ ಹೆಸರು ಹೇಳಿಕೊಂಡೇ ಜನರ ಎದೆ ನಡುಗಿಸುವುದರಲ್ಲಿ ಪಳಗಿದವನು. ಲೂರ್ದಮ್ಮ ಅವನನ್ನು ಮನೆಗೆ ಕರೆಸಿ ಪ್ರಾರ್ಥನೆ ಮಾಡಿಸಿದಳು. ಅವನು ಹುಳದ ಮನೆಗೂ ಹೋಗಿ, ತಟ್ಟೆ ತಟ್ಟೆಗೂ ಪರಿಮಳದ ಎಣ್ಣೆ ಚಿಮುಕಿಸಿದ. ಆಮೇಲೆ ಹುಳುಗಳು ಸೊಪ್ಪು ಮುಟ್ಟಲಿಲ್ಲ, ಎಲ್ಲ ಸತ್ತವು. ಇದು ಸೊಸೆ ಕ್ಲಾರಾ ತಂದ ಶಾಪ, ಅವಳು ಇನ್ನೊಮ್ಮೆ ಹೊಸ್ತಿಲು ದಾಟಿದರೆ ಮಗ ರಾಯಪ್ಪ ಉಳಿಯುವುದಿಲ್ಲ ಎಂದು ಪ್ರವಾದಿ ನುಡಿದ. ಲೂರ್ದಮ್ಮ ಬಸುರಿ ಸೊಸೆಯನ್ನು ತವರಿಗೆ ಅಟ್ಟಿದ್ದಳು.

"ಹುಳದ ಮನೆಗೆ ಯಾರನ್ನು ಬಿಡ್ತೀಯಮ್ಮ?" ಎಂದು ಸ್ವಾಮಿಗಳು ಕೇಳಿದರು.

"ಯಾರ್ನೂ ಬುಡಾಕಿಲ್ಲ ಸ್ವಾಮಿ, ವಾಸ್ನೆ ತಗುಲಿದ್ರೆ ಹುಳ ಉಳಿಯಾಕಿಲ್ಲ. ಕಾಲು ತೊಳೀದೋರು, ಬೀಡಿ ಸೇದಿದೋರು, ಸೆಂಟು ಹಾಕ್ಕಂಡೋರು, ನಮ್ಮಣ್ಣನೇ ಆದ್ರೂ ಬಾಗ್ಲಲ್ಲೇ..." ಎನ್ನುತ್ತಿದ್ದವಳಿಗೆ ಆ ಪರಿಮಳದ ಎಣ್ಣೆ ನೆನಪಾಯಿತು. ಕೈಯಲ್ಲಿದ್ದ ಕಾಳು ಹಾಗೇ ಉಳಿಯಿತು. ಪ್ರವಾದಿ ಎಂಬ ಒಂದು ಮಾತಿಗೆ ಬೆರಗಾಗಿ ಅವಳೇ ಬಾಗಿಲು ತೆರೆದು ನಿಂತಿದ್ದಳು.

"ಅವನು ಬಂದುಹೋದ ಮೇಲೆ ನಿನ್ನ ಮನೇಲಿ ಯಾರಾದ್ರೂ ನಕ್ಕಿದ್ದಾರಾ?"

ಲೂರ್ದಮ್ಮ ಇಲ್ಲವೆಂದು ತಲೆಯಾಡಿಸಿದಳು.

"ದೇವರು ಬಂದುಹೋದ ಮನೆ ಹಾಗಿರಲ್ಲಮ್ಮ."

ಎಲ್ಲ ಅರ್ಥವಾಯಿತು, ಆದರೂ ತಾಯಿಯ ಕರುಳು ಕೇಳಬೇಕಲ್ಲ. "ಅವ್ನು ಹೇಳಿದ್ದು ನಿಜ ಆಗ್ಬುಟ್ರೆ ಸ್ವಾಮಿ? ಇರೋನು ಒಬ್ಬನೇ ಮಗ" ಎಂದು ಅತ್ತಳು.

ಸ್ವಾಮಿಗಳು ಕೈ ತೊಳೆದು ಎದ್ದರು. "ನಡಿ, ಸೊಸೆಯನ್ನು ಕರಕೊಂಡು ಬರೋಣ. ಮೊದಲು ನಾನೇ ಒಳಗೆ ಹೋಗ್ತೀನಿ. ಶಾಪ ಅನ್ನೋದಿದ್ರೆ ಈ ಮುದುಕನಿಗೇ ತಗುಲಿಕೊಳ್ಳಲಿ. ಹೇಗೂ ಹೊರಡೋ ವಯಸ್ಸು" ಎಂದು ನಕ್ಕರು.

ತವರಿನಿಂದ ಕ್ಲಾರಾಳನ್ನು ಕರೆದುಕೊಂಡು, ಮಧ್ಯಾಹ್ನದ ಹೊತ್ತಿಗೆ ಮೂವರೂ ಮನೆಯ ಮುಂದೆ ಆಟೋದಿಂದ ಇಳಿದರು. ಸುದ್ದಿ ಹೇಗೆ ಮುಟ್ಟಿತೋ, ಪ್ರವಾದಿಯೂ ಅಲ್ಲಿ ಹಾಜರಿದ್ದ. ಸ್ವಾಮಿಗಳು ಅವನಿಗೂ ಕೈಮುಗಿದು, ನೆಂಟರ ಮನೆಗೆ ಊಟಕ್ಕೆ ಬಂದವರಂತೆ ಒಳಗೆ ಹೋಗಿ ಚಾಪೆಯ ಮೇಲೆ ಕುಳಿತುಬಿಟ್ಟರು. ಕ್ಲಾರಾ ಮಾತ್ರ ಹೊಸ್ತಿಲ ಹೊರಗೇ ನಿಂತಳು.

"ಇವಳನ್ನು ಒಳಗೆ ಕರೆದರೆ ನಿನ್ನ ಮಗನ ಹೆಣ ನೋಡ್ತೀಯ" ಎಂದ ಪ್ರವಾದಿ.

ಲೂರ್ದಮ್ಮ ಸ್ವಾಮಿಗಳ ಕಡೆ ನೋಡಿದಳು. ಇಲ್ಲಿ ಮಾತಾಡಬೇಕಾದವಳು ಅವಳೇ ಎಂಬುದು ಅವರಿಗೆ ಗೊತ್ತಿತ್ತು.

"ಅಯ್ಯಾ, ದೇವ್ರು ನನ್ ಮಗನ್ನ ಕೊಟ್ಟಾಗ ನಿಮ್ಮನ್ನ ಕೇಳಿ ಕೊಡ್ಲಿಲ್ಲ" ಎಂದಳು ಲೂರ್ದಮ್ಮ. "ನೀವಿನ್ನು ಹೊರಡಿ."

ಹಾಗೆ ಹೇಳುವಾಗ ಅವಳು ಮಗನಿದ್ದ ಒಳಕೋಣೆಯತ್ತ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದುದನ್ನು ಕಂಡವರಿದ್ದಾರೆ. ಆದರೂ ಸೊಸೆಯ ಕೈ ಹಿಡಿದು, "ಬಾ ಕಣವ್ವ, ನಂದು ತಪ್ಪಾಯ್ತು" ಎಂದು ಒಳಗೆ ಕರೆದುಕೊಂಡಳು. ರಾಯಪ್ಪ ಓಡಿಬಂದು ಸ್ವಾಮಿಗಳ ಕಾಲಿಗೆ ಬೀಳುವುದೋ ಹೆಂಡತಿಯ ಕಡೆ ಹೋಗುವುದೋ ತಿಳಿಯದೆ ನಡುವೆ ನಿಂತ. "ನನ್ನ ಕಾಲು ಎಲ್ಲಿಗೂ ಹೋಗಲ್ಲ, ಅವಳ ಹತ್ತಿರ ಹೋಗಪ್ಪ" ಎಂದರು ಸ್ವಾಮಿಗಳು. ಮನೆಯೆಲ್ಲ ನಕ್ಕಿತು.

ರಾಯಪ್ಪನಿಗೆ ಈಗ ಮೊಮ್ಮಕ್ಕಳಿದ್ದಾರೆ. ಆದರೆ ಅಂದಿನ ಪವಾಡ ಯಾವುದೆಂದು ಕೇಳಿದವರಿಗೆ ಸ್ವಾಮಿಗಳು ಅವನು ಬದುಕಿ ಉಳಿದದ್ದನ್ನು ಹೇಳುತ್ತಿರಲಿಲ್ಲ. ಭಯ ಹೋಗುವ ಮೊದಲೇ ಲೂರ್ದಮ್ಮ ಸೊಸೆಯ ಕೈ ಹಿಡಿದಳಲ್ಲ, ಅದೇ ಪವಾಡ ಎನ್ನುತ್ತಿದ್ದರು.